ಕ್ರೀಡಾ ಅನುದಾನ ಯಾರ ಊರಿಗೆ? ಆಸ್ಟ್ರೇಲಿಯಾದ ಬಣ್ಣದ ಎಕ್ಸೆಲ್ ಶೀಟಿನಿಂದ ನಮ್ಮ ಖೇಲೋ ಇಂಡಿಯಾವರೆಗೆ

ವಿಧಾನಸಭೆ ಅಧಿವೇಶನ ಬಂದಾಗಲೆಲ್ಲ ಕೇಳಿಬರುವ ಎರಡು ಪದ 'ಅನುದಾನ ತಾರತಮ್ಯ'. ವಿರೋಧ ಪಕ್ಷದಲ್ಲಿ ಕೂತವರು ಈ ಮಾತು ಹೇಳುತ್ತಾರೆ. ಸರ್ಕಾರ ಬದಲಾದರೆ ಹೇಳುವವರು ಬದಲಾಗುತ್ತಾರೆ, ಮಾತು ಮಾತ್ರ ಅದೇ. ರಸ್ತೆ, ನೀರಾವರಿ, ಸಮುದಾಯ ಭವನದ ವಿಷಯದಲ್ಲಿ ಈ ಜಗಳ ದೊಡ್ಡದಾಗಿ ಸುದ್ದಿಯಾಗುತ್ತದೆ. ಆಟದ ಮೈದಾನ, ಒಳಾಂಗಣ ಕ್ರೀಡಾಂಗಣ, ಟ್ರ್ಯಾಕ್, ಬಟ್ಟೆ ಬದಲಿಸುವ ಕೋಣೆ - ಇವುಗಳ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಮೊತ್ತ ಸಣ್ಣದು, ಮತದಾರರಿಗೆ ಕಾಣುವುದು ಜಾಸ್ತಿ. ರಾಜಕಾರಣಿಗೆ ಇದಕ್ಕಿಂತ ಅನುಕೂಲದ ಬಾಬ್ತು ಇನ್ನೊಂದಿಲ್ಲ.

ಇಂಥ ಅನುದಾನವನ್ನು ನ್ಯಾಯವಾಗಿ ಹಂಚುವುದು ಅಂದರೆ ಏನು, ಅದು ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿಯಲು ಹತ್ತಿರದ ಉದಾಹರಣೆಗಿಂತ ದೂರದ ಒಂದು ಉದಾಹರಣೆ ಚೆನ್ನಾಗಿದೆ. ಯಾಕೆಂದರೆ ಅಲ್ಲಿ ಕಾಗದಪತ್ರಗಳೆಲ್ಲ ಹೊರಗೆ ಬಂದಿವೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ 'ಸ್ಪೋರ್ಟ್ಸ್ ರಾರ್ಟ್ಸ್' ಅಂತ ಹೆಸರು. 'ರಾರ್ಟ್' ಅಂದರೆ ಅವರ ಆಡುಮಾತಿನಲ್ಲಿ ನಿಯಮದ ಸಂದಿಯಲ್ಲಿ ನುಸುಳಿ ಹೊಡೆಯುವುದು, ಗೋಲ್‌ಮಾಲ್.

ಒಂದು ದೊಡ್ಡ ಚೆಕ್

2018ರಲ್ಲಿ ಆಸ್ಟ್ರೇಲಿಯಾದ ಲಿಬರಲ್-ನ್ಯಾಷನಲ್ ಮೈತ್ರಿ ಸರ್ಕಾರ 'ಕಮ್ಯುನಿಟಿ ಸ್ಪೋರ್ಟ್ ಇನ್‌ಫ್ರಾಸ್ಟ್ರಕ್ಚರ್ ಗ್ರಾಂಟ್' ಎಂಬ ಯೋಜನೆ ತಂದಿತು. ಸ್ಥಳೀಯ ಕ್ಲಬ್‌ಗಳು, ಸ್ಥಳೀಯ ಸಂಸ್ಥೆಗಳು ಅರ್ಜಿ ಹಾಕಬಹುದು. ಒಂದು ಯೋಜನೆಗೆ ಗರಿಷ್ಠ 5 ಲಕ್ಷ ಡಾಲರ್. ಸುಮಾರು 3 ಕೋಟಿ ಡಾಲರ್‌ನಿಂದ ಶುರುವಾದ ಗಂಟು ಚುನಾವಣೆ ಹತ್ತಿರವಾಗುತ್ತಾ 10 ಕೋಟಿ ಡಾಲರ್‌ಗೆ ಬೆಳೆಯಿತು. ಆಗಿನ ವಿನಿಮಯ ದರದಲ್ಲಿ ನಮ್ಮ ಲೆಕ್ಕಕ್ಕೆ ಹೆಚ್ಚುಕಡಿಮೆ 500 ಕೋಟಿ ರೂಪಾಯಿ. ಬಂದ ಅರ್ಜಿಗಳು 2,056. ಅವೆಲ್ಲ ಸೇರಿ ಕೇಳಿದ ಹಣ ಸುಮಾರು 40 ಕೋಟಿ ಡಾಲರ್. ಮೂರು ಸುತ್ತಿನಲ್ಲಿ ಮಂಜೂರಾದದ್ದು 684 ಯೋಜನೆಗಳು. ಅಂದರೆ ಮೂರರಲ್ಲಿ ಎರಡು ಕ್ಲಬ್‌ಗಳು ಬರಿಗೈಯಲ್ಲಿ ಹೋಗಲೇಬೇಕಿತ್ತು. ಯಾರು ಹೋಗಬೇಕು ಎಂಬುದಷ್ಟೇ ಪ್ರಶ್ನೆ.

2019ರ ಫೆಬ್ರವರಿಯಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಯಾಂಕಲಿಲ್ಲಾ ಎಂಬ ಊರಿನ ಬೌಲಿಂಗ್ ಕ್ಲಬ್‌ಗೆ (ಕ್ರಿಕೆಟ್ ಬೌಲಿಂಗ್ ಅಲ್ಲ, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಲಾನ್ ಬೌಲ್ಸ್) 1,27,373 ಡಾಲರ್ ಬಂತು. ಆಳೆತ್ತರದ ಡಮ್ಮಿ ಚೆಕ್ ಹಿಡಿದು ಫೋಟೊ ತೆಗೆಸಿಕೊಂಡವರು ಜಾರ್ಜಿನಾ ಡೌನರ್. ಅವರು ಸಂಸದೆಯೂ ಅಲ್ಲ, ಸಚಿವೆಯೂ ಅಲ್ಲ. ಆ ಕ್ಷೇತ್ರದ ಲಿಬರಲ್ ಪಕ್ಷದ ಅಭ್ಯರ್ಥಿ. ಚೆಕ್ ಮೇಲೆ ಅವರದೇ ಹೆಸರು, ಅವರದೇ ಫೋಟೊ. ಅಲ್ಲಿ ಗೆದ್ದು ಬಂದಿದ್ದ ಸಂಸದೆ ಸೆಂಟರ್ ಅಲಯನ್ಸ್ ಪಕ್ಷದ ರೆಬೆಕಾ ಶಾರ್ಕಿ. ಸರ್ಕಾರದ ಖಜಾನೆಯ ದುಡ್ಡನ್ನು ಪಕ್ಷದ ಅಭ್ಯರ್ಥಿ ಕೊಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಲೇಬರ್ ಪಕ್ಷದ ಮಾರ್ಕ್ ಡ್ರೇಫಸ್ ಆಡಿಟರ್ ಜನರಲ್‌ಗೆ ಪತ್ರ ಬರೆದರು.

ನಮ್ಮಲ್ಲಿ ಇಂಥ ಫೋಟೊ ದಿನಕ್ಕೆ ಹತ್ತು ಬರುತ್ತವೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಗುದ್ದಲಿ ಪೂಜೆಯ ಫ್ಲೆಕ್ಸ್‌ನಲ್ಲಿ ಸೋತ ಅಭ್ಯರ್ಥಿಯ ಮುಖ ಗೆದ್ದವರದ್ದಕ್ಕಿಂತ ದೊಡ್ಡದಾಗಿರುವುದೂ ಉಂಟು.

ಅಂಕ ಇತ್ತು, ಬಣ್ಣವೂ ಇತ್ತು

ಆಡಿಟರ್ ಜನರಲ್ ಗ್ರಾಂಟ್ ಹೇರ್ ಅವರ ವರದಿ 2020ರ ಜನವರಿ 15ರಂದು ಹೊರಬಂತು. ಅಷ್ಟರಲ್ಲಿ ಚುನಾವಣೆ ಮುಗಿದು (2019ರ ಮೇ 18) ಅದೇ ಸರ್ಕಾರ ಮತ್ತೆ ಗೆದ್ದು ಎಂಟು ತಿಂಗಳಾಗಿತ್ತು.

ವರದಿ ಓದಿದರೆ ಮೊದಲು ಗೊತ್ತಾಗುವುದು, ವ್ಯವಸ್ಥೆ ಇರಲಿಲ್ಲ ಅಂತಲ್ಲ. ಚೆನ್ನಾಗಿಯೇ ಇತ್ತು. 'ಸ್ಪೋರ್ಟ್ ಆಸ್ಟ್ರೇಲಿಯಾ' ಎಂಬ ಸರ್ಕಾರಿ ಸಂಸ್ಥೆ ಪ್ರತಿ ಅರ್ಜಿಗೂ 100ಕ್ಕೆ ಇಷ್ಟು ಅಂತ ಅಂಕ ಕೊಟ್ಟಿತ್ತು. ಎಷ್ಟು ಜನ ಆಡುತ್ತಾರೆ ಎಂಬುದಕ್ಕೆ ಶೇ. 50, ಊರಿಗೆ ಅದರ ಅಗತ್ಯ ಎಷ್ಟು ಎಂಬುದಕ್ಕೆ ಶೇ. 25, ಯೋಜನೆ ಸರಿಯಾಗಿ ರೂಪಿಸಿದ್ದಾರಾ, ಮುಗಿಸುತ್ತಾರಾ ಎಂಬುದಕ್ಕೆ ಶೇ. 25. ಜಾಸ್ತಿ ಅಂಕ ಪಡೆದವರ ಪಟ್ಟಿ ಸಚಿವರ ಕಚೇರಿಗೆ ಹೋಗುತ್ತಿತ್ತು.

ಅದೇ ಹೊತ್ತಿಗೆ ಕ್ರೀಡಾ ಸಚಿವೆ ಬ್ರಿಜೆಟ್ ಮೆಕೆಂಜಿ ಅವರ ಕಚೇರಿಯಲ್ಲಿ ಇನ್ನೊಂದು ಎಕ್ಸೆಲ್ ಶೀಟ್ ತಯಾರಾಗುತ್ತಿತ್ತು. ಅದರಲ್ಲಿ ಪ್ರತಿ ಅರ್ಜಿಯ ಪಕ್ಕ ಅದು ಯಾವ ಲೋಕಸಭಾ ಕ್ಷೇತ್ರ, ಆ ಕ್ಷೇತ್ರ ಯಾವ ಪಕ್ಷದ ಕೈಯಲ್ಲಿದೆ, ಕಡಿಮೆ ಅಂತರದ ಕ್ಷೇತ್ರವೇ, ಈ ಸಲ ಗೆಲ್ಲಲೇಬೇಕೆಂದು ಗುರಿ ಇಟ್ಟಿರುವ ಕ್ಷೇತ್ರವೇ - ಇದೆಲ್ಲ. ಸಾಲುಗಳಿಗೆ ಪಕ್ಷವಾರು ಬಣ್ಣ ಬೇರೆ. ಆಡಿಟರ್ ಹೇಳಿದ್ದು ಇಷ್ಟು: ಹಣ ಹೋದ ರೀತಿಯಲ್ಲಿ ಈ ಎರಡನೇ ಶೀಟಿನ ಪ್ರಭಾವ ಕಾಣುತ್ತದೆ. ಮೊದಲ ಸುತ್ತಿನಲ್ಲಿ ಮಂಜೂರಾದ ಯೋಜನೆಗಳಲ್ಲಿ ಶೇ. 41ರಷ್ಟು ಸ್ಪೋರ್ಟ್ ಆಸ್ಟ್ರೇಲಿಯಾ ಶಿಫಾರಸು ಮಾಡದಂಥವು. ಎರಡನೇ ಸುತ್ತಿನಲ್ಲಿ ಇದು ಶೇ. 70. ಚುನಾವಣೆಗೆ ಸ್ವಲ್ಪ ಮುಂಚಿನ ಮೂರನೇ ಸುತ್ತಿನಲ್ಲಿ ಶೇ. 73.

ಈ ಮೂರು ಸಂಖ್ಯೆಗಳ ಏರಿಕೆ ನೋಡಿ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ 'ಸಚಿವರ ವಿವೇಚನೆ' ಅನ್ನಬಹುದು. ಮೂರನ್ನೂ ಒಂದು ಗೆರೆಯಲ್ಲಿಟ್ಟರೆ ಗೆರೆ ಹೋಗುತ್ತಿರುವುದು ಮತಗಟ್ಟೆಯ ಕಡೆಗೆ.

ಸೋತವರ ಕಡೆಯಿಂದ ನೋಡಿದರೆ ಇನ್ನೂ ಸ್ಪಷ್ಟ. ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ರೇಂಜಸ್ ರೋಲರ್ ಡರ್ಬಿ ಎಂಬ ಸಣ್ಣ ಕ್ಲಬ್. ರೋಲರ್ ಡರ್ಬಿ ಅಂದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಆಡುವ, ಹೆಚ್ಚಾಗಿ ಮಹಿಳೆಯರೇ ಆಡುವ ಆಟ. ಅವರ ಅರ್ಜಿಗೆ ಬಂದ ಅಂಕ 100ಕ್ಕೆ 98. ಅನುದಾನ ಸಿಗಲಿಲ್ಲ. ಇತ್ತ ಸಿಡ್ನಿಯ ಶ್ರೀಮಂತ ಬಡಾವಣೆಯ ಮೊಸ್ಮನ್ ರೋಯಿಂಗ್ ಕ್ಲಬ್‌ಗೆ ಪೂರ್ತಿ 5 ಲಕ್ಷ ಡಾಲರ್ ಸಿಕ್ಕಿತು. ಬೀಚ್‌ವರ್ತ್ ಎಂಬ ಊರಿನ ಟೆನಿಸ್ ಕ್ಲಬ್ ತನಗಾದ ಅನ್ಯಾಯವನ್ನು ಹಿಡಿದು ಫೆಡರಲ್ ಕೋರ್ಟಿಗೇ ಹೋಯಿತು. ಭಾನುವಾರ ಭಾನುವಾರ ಸೇರಿ, ಸಂಜೆ ಕೂತು ಅರ್ಜಿ ತುಂಬಿದ ಸ್ವಯಂಸೇವಕರು ಇವರೆಲ್ಲ. ಶೀಟಿನಲ್ಲಿ ತಮ್ಮ ಸಾಲಿಗೆ ಯಾವ ಬಣ್ಣ ಇತ್ತು ಅಂತ ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ರಾಜೀನಾಮೆ ಕೊಟ್ಟದ್ದು ಯಾಕೆ?

ಮೆಕೆಂಜಿ 2020ರ ಫೆಬ್ರವರಿ 2ರಂದು ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಆದರೆ ಕಾರಣ ಬಣ್ಣದ ಶೀಟ್ ಅಲ್ಲ. ಅವರು ಅನುದಾನ ಕೊಟ್ಟ ಒಂದು ಶೂಟಿಂಗ್ ಕ್ಲಬ್‌ನ (ವಂಗರಟ್ಟಾ ಕ್ಲೇ ಟಾರ್ಗೆಟ್ ಕ್ಲಬ್, ಸುಮಾರು 36 ಸಾವಿರ ಡಾಲರ್) ಸದಸ್ಯತ್ವ ಅವರಿಗಿತ್ತು, ಅದನ್ನು ಘೋಷಿಸಿರಲಿಲ್ಲ ಎಂಬುದು ಕಾರಣ! 10 ಕೋಟಿ ಡಾಲರ್ ಹಂಚಿಕೆಯ ಪ್ರಶ್ನೆ 36 ಸಾವಿರದ ಒಂದು ಫಾರಂ ತುಂಬದ ಪ್ರಶ್ನೆಯಾಗಿ ಮುಗಿಯಿತು. ಮರುವರ್ಷ, 2021ರಲ್ಲಿ, ಅವರು ಮತ್ತೆ ಸಂಪುಟಕ್ಕೆ ಬಂದರು.

ಈ ತೀರ್ಮಾನ ಕೊಟ್ಟವರು ಪ್ರಧಾನಿ ಕಚೇರಿ ಇಲಾಖೆಯ ಕಾರ್ಯದರ್ಶಿ ಫಿಲ್ ಗೇಜೆನ್ಸ್. ಹಿಂದೆ ಪ್ರಧಾನಿ ಸ್ಕಾಟ್ ಮಾರಿಸನ್ ಅವರದೇ ಚೀಫ್ ಆಫ್ ಸ್ಟಾಫ್ ಆಗಿದ್ದವರು. ಅವರ ಪೂರ್ಣ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಸೆನೆಟ್ ಸಮಿತಿಗೆ ಅವರು ಕೊಟ್ಟ ವಾದ ಹೀಗಿತ್ತು: ಕಡಿಮೆ ಅಂತರದ ಮತ್ತು ಗುರಿ ಇಟ್ಟ ಕ್ಷೇತ್ರಗಳಿಂದ ಬಂದ ಅರ್ಜಿಗಳಲ್ಲಿ ಶೇ. 32 ಮಂಜೂರಾಗಿವೆ, ಉಳಿದ ಕ್ಷೇತ್ರಗಳಲ್ಲಿ ಶೇ. 36. ಹಾಗಿದ್ದ ಮೇಲೆ ಪಕ್ಷಪಾತ ಎಲ್ಲಿದೆ?

ಕೇಳಲು ಸರಿ ಅನ್ನಿಸುತ್ತದೆ. ಸ್ವಲ್ಪ ನಿಂತು ನೋಡಿ. ಹೋಲಿಸಬೇಕಾದ್ದು ಈ ಕ್ಷೇತ್ರಕ್ಕೂ ಆ ಕ್ಷೇತ್ರಕ್ಕೂ ಅಲ್ಲ. ಅಂಕದ ಪ್ರಕಾರ ಸಿಗಬೇಕಿದ್ದದ್ದಕ್ಕೂ ನಿಜವಾಗಿ ಸಿಕ್ಕಿದ್ದಕ್ಕೂ. ಒಂದು ಕಾಲ್ಪನಿಕ ಲೆಕ್ಕ: ಗುರಿ ಇಟ್ಟ ಕ್ಷೇತ್ರದಿಂದ 100 ಅರ್ಜಿ ಬಂದು, ಅಂಕದ ಮೇಲೆ 20 ಪಾಸಾಗಬೇಕಿತ್ತು, ಸಚಿವರು 32 ಪಾಸು ಮಾಡಿದರು ಅಂದುಕೊಳ್ಳಿ. ಬೇರೆ ಕಡೆ 48 ಪಾಸಾಗಬೇಕಿತ್ತು, 36 ಮಾಡಿದರು. ಕೊನೆಯ ಶೇಕಡಾವಾರು ನೋಡಿದರೆ ಪಕ್ಷಪಾತವೇ ಇಲ್ಲ, ಒಳಗೆ ಮಾತ್ರ 12 ಸೀಟು ಕೈ ಬದಲಾಗಿವೆ. ಅನುದಾನದ ಚರ್ಚೆಯಲ್ಲಿ ನಿಮಗೆ ಯಾರಾದರೂ ಒಟ್ಟು ಶೇಕಡಾವಾರು ತೋರಿಸಿ ಬಾಯಿ ಮುಚ್ಚಿಸಲು ಬಂದರೆ, ಮೊದಲ ಪಟ್ಟಿ ಎಲ್ಲಿ ಅಂತ ಕೇಳಿ.

ಪ್ರಧಾನಿ ಕಚೇರಿಗೂ ಇದಕ್ಕೂ ಸಂಬಂಧ ಇತ್ತಾ? ಸಚಿವರ ಕಚೇರಿ ಮತ್ತು ಪ್ರಧಾನಿ ಕಚೇರಿ ನಡುವೆ ಈ ಅನುದಾನದ ಬಗ್ಗೆ 136 ಇಮೇಲ್ ಓಡಾಡಿದ್ದವು ಅಂತ ಆಡಿಟ್ ಕಚೇರಿ ಸೆನೆಟ್ ಸಮಿತಿಗೆ ತಿಳಿಸಿತು. 2019ರ ಏಪ್ರಿಲ್ 11ರ ಬೆಳಿಗ್ಗೆ 8:29ಕ್ಕೆ ಸಂಸತ್ತು ವಿಸರ್ಜನೆ ಆಯಿತು. ಅಂದರೆ ನಮ್ಮ ನೀತಿ ಸಂಹಿತೆಯಂಥ ಅವಧಿ ಶುರು. 8:46ಕ್ಕೆ ಸಚಿವರ ಕಚೇರಿಯಿಂದ ಸ್ಪೋರ್ಟ್ ಆಸ್ಟ್ರೇಲಿಯಾಗೆ ಪಟ್ಟಿ ಹೋಯಿತು; ಮಧ್ಯಾಹ್ನ ಅದರಲ್ಲಿ ಮತ್ತೆ ಬದಲಾವಣೆ. ಆ ಬದಲಾವಣೆ ತಾನು ಮಾಡಿಲ್ಲ ಅಂತ ಮೆಕೆಂಜಿ ಹೇಳಿದರು. ಹಾಗಾದರೆ ಯಾರು ಮಾಡಿದ್ದು?

ಸಂದಿ ಎಲ್ಲಿತ್ತು

ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವುದು ಬಣ್ಣವಲ್ಲ, ಅಧಿಕಾರದ ಪ್ರಶ್ನೆ. ಸ್ಪೋರ್ಟ್ ಆಸ್ಟ್ರೇಲಿಯಾ ಸಂಸತ್ತಿನ ಕಾಯ್ದೆಯ ಮೂಲಕ ಹುಟ್ಟಿದ ಪ್ರತ್ಯೇಕ ಸಂಸ್ಥೆ. ಈ ಹಣ ಕೊಡುವ ಅಧಿಕಾರ ಆ ಸಂಸ್ಥೆಯದ್ದು. ಸಚಿವರಿಗೆ ಅಂತಿಮ ಪಟ್ಟಿ ತೀರ್ಮಾನಿಸುವ ಕಾನೂನು ಅಧಿಕಾರ ಎಲ್ಲಿಂದ ಬಂತು ಅಂತ ಆಡಿಟರ್ ಹುಡುಕಿದರೆ ಸ್ಪಷ್ಟ ಆಧಾರವೇ ಸಿಗಲಿಲ್ಲ. ಮಾರ್ಗಸೂಚಿಯಲ್ಲಿ 'ಸಚಿವರು ಅಂತಿಮವಾಗಿ ಅನುಮೋದಿಸುತ್ತಾರೆ' ಅಂತ ಬರೆದಿದ್ದರು, ಅಷ್ಟೇ.

ಇದರ ಜೊತೆಗೆ ಇನ್ನೊಂದು. ಆಸ್ಟ್ರೇಲಿಯಾದ ಸರ್ಕಾರಿ ಇಲಾಖೆಗಳ ಅನುದಾನಕ್ಕೆ ಒಂದು ಒಳ್ಳೆ ನಿಯಮ ಇದೆ. ಅಧಿಕಾರಿಗಳು ಬೇಡ ಅಂದ ಅರ್ಜಿಯನ್ನು ಸಚಿವರು ಮಂಜೂರು ಮಾಡಬಹುದು, ಆದರೆ ಯಾಕೆ ಅಂತ ಬರೆದಿಡಬೇಕು, ಹಣಕಾಸು ಸಚಿವರಿಗೆ ವರದಿ ಮಾಡಬೇಕು. ಸ್ವಂತ ಕ್ಷೇತ್ರಕ್ಕೆ ಕೊಟ್ಟರೂ ಹೇಳಬೇಕು. ಸ್ಪೋರ್ಟ್ ಆಸ್ಟ್ರೇಲಿಯಾ ಇಲಾಖೆ ಅಲ್ಲ, ನಿಗಮದಂಥ ಸಂಸ್ಥೆ. ಹಾಗಾಗಿ ಆ ನಿಯಮ ಅನ್ವಯಿಸುತ್ತಿರಲಿಲ್ಲ. ನಿಯಮ ಇಲಾಖೆಗೆ, ದುಡ್ಡು ನಿಗಮದಿಂದ, ತೀರ್ಮಾನ ಸಚಿವರದ್ದು. ಈ ಜೋಡಣೆ ಕರ್ನಾಟಕದ ನಿಗಮ-ಮಂಡಳಿಗಳನ್ನು ನೋಡಿದವರಿಗೆ ಹೊಸದೇನಲ್ಲ. ಇಂಥ ಸಂಸ್ಥೆಗಳ ಅನುದಾನವನ್ನೂ ಸಚಿವರು ತೀರ್ಮಾನಿಸುವಾಗ ಅದೇ ಶಿಸ್ತು ಇರಬೇಕೆಂಬ ಆಡಿಟರ್ ಶಿಫಾರಸನ್ನು ಸರ್ಕಾರ ನಂತರ ಒಪ್ಪಿಕೊಂಡಿತು.

ಇದು ಒಂದು ಪಕ್ಷದ ರೋಗವೂ ಅಲ್ಲ. 'ಸ್ಪೋರ್ಟ್ಸ್ ರಾರ್ಟ್ಸ್' ಎಂಬ ಹೆಸರು ಹುಟ್ಟಿದ್ದೇ 1990ರ ದಶಕದಲ್ಲಿ, ಲೇಬರ್ ಸರ್ಕಾರದ ಕಾಲದಲ್ಲಿ. ಆಗಿನ ಸಚಿವೆ ರಾಸ್ ಕೆಲ್ಲಿ ಸುಮಾರು 3 ಕೋಟಿ ಡಾಲರ್ ಕ್ರೀಡಾ-ಸಾಂಸ್ಕೃತಿಕ ಅನುದಾನವನ್ನು ಹೇಗೆ ಹಂಚಿದಿರಿ ಅಂದರೆ, ಕಚೇರಿಯ ವೈಟ್‌ಬೋರ್ಡ್ ಮೇಲೆ ಬರೆದು ತೀರ್ಮಾನಿಸಿದೆವು, ಆಮೇಲೆ ಒರೆಸಿದೆವು ಎಂಬಂಥ ಉತ್ತರ. 1994ರಲ್ಲಿ ರಾಜೀನಾಮೆ ಕೊಡಬೇಕಾಯಿತು. 25 ವರ್ಷದಲ್ಲಿ ವೈಟ್‌ಬೋರ್ಡ್ ಹೋಗಿ ಎಕ್ಸೆಲ್ ಬಂತು. ಎಕ್ಸೆಲ್ ಒರೆಸುವುದು ಕಷ್ಟ, ಅದೊಂದು ಪ್ರಗತಿ.

ಹಾಗಾದರೆ ಅಂಕವೇ ನ್ಯಾಯವಾ?

ಇಲ್ಲಿ ಅವಸರ ಬೇಡ. ಸಚಿವರು ಕೆಟ್ಟವರು, ಅಂಕಪಟ್ಟಿ ಒಳ್ಳೆಯದು ಅಂತ ಮುಗಿಸಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ಅಂಕಕ್ಕೂ ಒಂದು ರಾಜಕೀಯ ಇದೆ. 'ಎಷ್ಟು ಜನ ಆಡುತ್ತಾರೆ' ಎಂಬುದಕ್ಕೆ ಅರ್ಧ ತೂಕ, 'ಎಷ್ಟು ಅಗತ್ಯ' ಎಂಬುದಕ್ಕೆ ಕಾಲು ತೂಕ ಅಂದ ಕ್ಷಣವೇ ಈಗಾಗಲೇ ಸೌಲಭ್ಯ ಇರುವ, ಸದಸ್ಯರಿರುವ ಕ್ಲಬ್‌ಗೆ ಮುಂದೆ ಓಡಲು ಬಿಟ್ಟಂತೆ. ಮೈದಾನವೇ ಇಲ್ಲದ ಊರಲ್ಲಿ ಆಡುವವರ ಸಂಖ್ಯೆ ಕಡಿಮೆ ಇರುವುದು ಆಸಕ್ತಿ ಇಲ್ಲದ್ದಕ್ಕಲ್ಲ, ಮೈದಾನ ಇಲ್ಲದ್ದಕ್ಕೆ. ಹುಡುಗಿಯರು ಸಂಜೆ ಆಟಕ್ಕೆ ಬರುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಅಲ್ಲಿ ಲೈಟ್ ಇದೆಯಾ, ಶೌಚಾಲಯ ಇದೆಯಾ ಅಂತ. ಇನ್ನು ಯೋಜನೆ ಚೆನ್ನಾಗಿ ರೂಪಿಸಿದ್ದಕ್ಕೆ ಅಂಕ ಅಂದರೆ, ಸದಸ್ಯರಲ್ಲಿ ಒಬ್ಬ ಆರ್ಕಿಟೆಕ್ಟ್, ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಇರುವ ಕ್ಲಬ್‌ಗೆ ಅದು ಸುಲಭ.

ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಬರುವುದೇ ಒಂದು ಬಂಡವಾಳ. ಅರ್ಜಿ ಕರೆದು ಹಂಚುವ ಯಾವ ಯೋಜನೆಯೂ ಅರ್ಜಿ ಹಾಕಲು ಗೊತ್ತಿಲ್ಲದವರನ್ನು ತಲುಪಲ್ಲ. ಸಚಿವರಿಗೆ ವಿವೇಚನೆ ಇರಬೇಕು ಅನ್ನುವವರ ವಾದದಲ್ಲಿ ಇಷ್ಟು ಸತ್ಯ ಇದೆ. ಜನಪ್ರತಿನಿಧಿಗೆ ಗೊತ್ತಿರುವ ಊರಿನ ಕಷ್ಟ ಎಕ್ಸೆಲ್‌ಗೆ ಗೊತ್ತಿರಲ್ಲ. ಒಪ್ಪೋಣ. ಆದರೆ ಆ ವಿವೇಚನೆ ಬಡ ಊರಿನ ಕಡೆ ಹೋಯಿತಾ, ತೂಗುಯ್ಯಾಲೆಯ ಕ್ಷೇತ್ರದ ಕಡೆ ಹೋಯಿತಾ ಅಂತ ನೋಡಲು ಕಾರಣ ಬರೆದಿರಬೇಕಲ್ಲ?

ಈಗ ನಮ್ಮ ಮನೆಗೆ ಬರೋಣ

ಸಂವಿಧಾನದ ಪ್ರಕಾರ ಕ್ರೀಡೆ ರಾಜ್ಯಪಟ್ಟಿಯ ವಿಷಯ. ಆದರೂ ದೊಡ್ಡ ಹಣ ಕೇಂದ್ರದ ಖೇಲೋ ಇಂಡಿಯಾದಲ್ಲಿದೆ. 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ 3,165.50 ಕೋಟಿ ರೂಪಾಯಿ. ಮೂಲಸೌಕರ್ಯಕ್ಕೆ ರಾಜ್ಯಗಳು ಪ್ರಸ್ತಾವನೆ ಕಳಿಸಬೇಕು, ಕೇಂದ್ರ ಮಂಜೂರು ಮಾಡುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಈ ಹಣದ ರಾಜ್ಯವಾರು ಪಟ್ಟಿ ಎಲ್ಲರ ಮೊಬೈಲ್‌ನಲ್ಲಿ ಓಡಾಡಿತು. ಉತ್ತರ ಪ್ರದೇಶಕ್ಕೆ 438 ಕೋಟಿ, ಗುಜರಾತ್‌ಗೆ 426 ಕೋಟಿ. ಪಂಜಾಬ್‌ಗೆ 78 ಕೋಟಿ, ಹರಿಯಾಣಕ್ಕೆ 66 ಕೋಟಿ ಚಿಲ್ಲರೆ. ಪ್ಯಾರಿಸ್‌ಗೆ ಹೋದ 117 ಜನರಲ್ಲಿ 24 ಜನ ಹರಿಯಾಣದವರು. ಪದಕ ತರುವವರಿಗೆ ಚಿಲ್ಲರೆ, ತರದವರಿಗೆ ನೋಟಿನ ಕಟ್ಟು ಅಂತ ಎಲ್ಲರೂ ಸಿಟ್ಟಾದರು.

ಸಿಟ್ಟು ಸರಿ, ಲೆಕ್ಕ ಅರೆಬರೆ. 2011ರ ಜನಗಣತಿಯ ಜನಸಂಖ್ಯೆಯಿಂದ ಭಾಗಿಸಿ ನೋಡಿ. ಗುಜರಾತ್‌ಗೆ ತಲಾ ಸುಮಾರು 70 ರೂಪಾಯಿ. ಪಂಜಾಬ್‌ಗೆ 28, ಹರಿಯಾಣಕ್ಕೆ 26. ಉತ್ತರ ಪ್ರದೇಶಕ್ಕೆ? ಸುಮಾರು 22. ಅಂದರೆ ಮೊತ್ತದಲ್ಲಿ ಮೊದಲ ಸ್ಥಾನದಲ್ಲಿರುವ ರಾಜ್ಯ ತಲಾವಾರು ಲೆಕ್ಕದಲ್ಲಿ ಈ ನಾಲ್ಕರಲ್ಲಿ ಕೊನೆ! ಯುಪಿ ಬಗ್ಗೆ ಹರಿದಾಡಿದ ಮೀಮ್‌ಗಳೆಲ್ಲ ಭಾಗಾಕಾರದ ಮುಂದೆ ನಿಲ್ಲಲ್ಲ. ಗುಜರಾತ್ ಬಗೆಗಿನ ಪ್ರಶ್ನೆ ಮಾತ್ರ ಇನ್ನೂ ಗಟ್ಟಿಯಾಗುತ್ತದೆ: ಅಲ್ಲಿಗೆ ಹರಿಯಾಣದ ಎರಡೂವರೆ ಪಟ್ಟಿಗಿಂತ ಹೆಚ್ಚು ಯಾಕೆ?

'ಪದಕ ತಂದವರಿಗೆ ದುಡ್ಡು' ಎಂಬ ವಾದವನ್ನೂ ನಾನು ಪೂರ್ತಿ ಒಪ್ಪಲ್ಲ. ಪದಕಕ್ಕೆ ಬೇಕಾದ ತರಬೇತಿ ಕೇಂದ್ರ ಬೇರೆ, ಊರಿನ ಮಕ್ಕಳು ಓಡುವ ಮೈದಾನ ಬೇರೆ. ಎರಡನೆಯದಕ್ಕೆ ಪದಕ ಅಳತೆಗೋಲಾದರೆ ಯಾದಗಿರಿಯಂಥ ಜಿಲ್ಲೆಗೆ ಯಾವತ್ತೂ ಏನೂ ಬರಲ್ಲ.

ಸಂಸದರ ನಿಧಿಯಿಂದಲೂ ಕ್ರೀಡಾ ಕಾಮಗಾರಿ ಮಾಡಬಹುದು: ವರ್ಷಕ್ಕೆ 5 ಕೋಟಿ, ಅದರಲ್ಲಿ ಶೇ. 15 ಪರಿಶಿಷ್ಟ ಜಾತಿ, ಶೇ. 7.5 ಪರಿಶಿಷ್ಟ ಪಂಗಡದವರು ವಾಸಿಸುವ ಪ್ರದೇಶಕ್ಕೆ ಶಿಫಾರಸು ಮಾಡಬೇಕೆಂಬ ನಿಯಮ. ಕರ್ನಾಟಕದ ಶಾಸಕರಿಗೆ ವರ್ಷಕ್ಕೆ 2 ಕೋಟಿಯ ಪ್ರತ್ಯೇಕ ನಿಧಿ. ಹಾಲಿ ಸಂಸದರಿಗೆ ಚುನಾವಣೆಯಲ್ಲಿ ಅನ್ಯಾಯದ ಅನುಕೂಲ ಮಾಡಿಕೊಡುತ್ತದೆ ಎಂಬ ವಾದವೂ ಸೇರಿ ಸಂಸದರ ನಿಧಿಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2010ರ ಭೀಮ್ ಸಿಂಗ್ ಪ್ರಕರಣದಲ್ಲಿ ತಳ್ಳಿಹಾಕಿತು. ಯೋಜನೆ ಊರ್ಜಿತವಾಗಿ ಉಳಿಯಿತು. ಈ ನಿಧಿಗಳಲ್ಲಿ ಕ್ಷೇತ್ರಕ್ಕೆ ಕ್ಷೇತ್ರ ಸಮ, ಅದು ಒಳ್ಳೆಯದು. ಕ್ಷೇತ್ರದೊಳಗೆ ಯಾವ ಹೋಬಳಿಗೆ ಎಂಬುದು ಪೂರ್ತಿ ಪ್ರತಿನಿಧಿಯ ಮರ್ಜಿ.

ಸಮಾಧಾನದ ವಿಷಯ ಅಂದರೆ, ಹಿಂದುಳಿದಿರುವಿಕೆಯನ್ನು ಅಳೆದು ಹಂಚುವುದು ಕರ್ನಾಟಕಕ್ಕೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕ ಇಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನು ಅಳೆಯಿತು. 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗ ವಿಭಾಗದಲ್ಲಿದ್ದವು. ಯಾವ ಪಕ್ಷದ ಶಾಸಕ ಇದ್ದಾನೆ ಎಂಬುದು ಆ 35ರಲ್ಲಿ ಇರಲಿಲ್ಲ. ಕ್ರೀಡಾ ಸೌಲಭ್ಯಕ್ಕೂ ಇಂಥದೇ ತಾಲ್ಲೂಕುವಾರು ಪಟ್ಟಿ ಸಾಧ್ಯ. ಸಾರ್ವಜನಿಕ ಮೈದಾನ ಎಷ್ಟು ದೂರ, ಸಂಜೆ ಲೈಟ್ ಇದೆಯಾ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯಾ, ಕಳೆದ ಹತ್ತು ವರ್ಷದಲ್ಲಿ ಎಷ್ಟು ಖರ್ಚಾಗಿದೆ, ಕಟ್ಟಿದ ಮೇಲೆ ನಿರ್ವಹಣೆಗೆ ಯಾರ ಹತ್ತಿರ ದುಡ್ಡಿದೆ. ಕೊನೆಯದನ್ನು ಯಾರೂ ಕೇಳಲ್ಲ. ಕಟ್ಟಿ, ರಿಬ್ಬನ್ ಕತ್ತರಿಸಿ, ಬೀಗ ಹಾಕಿದ ಒಳಾಂಗಣ ಕ್ರೀಡಾಂಗಣಕ್ಕೆ ಕೀ ಯಾರ ಬಳಿ ಇದೆ ಎಂಬುದೇ ಎಷ್ಟೋ ಊರಲ್ಲಿ ದೊಡ್ಡ ತನಿಖೆ.

ನೀವು ಕೇಳಬಹುದಾದ್ದು

ಆಸ್ಟ್ರೇಲಿಯಾದಲ್ಲಿ ಎರಡು ಪಟ್ಟಿ ಇದ್ದವು, ಒಂದು ಆಡಿಟ್ ಅವೆರಡನ್ನೂ ಪಕ್ಕಪಕ್ಕ ಇಟ್ಟಿತು. ನಮ್ಮಲ್ಲಿ ಮೊದಲ ಪಟ್ಟಿ ಇದೆಯಾ ಎಂಬುದೇ ಪ್ರಶ್ನೆ. ಅದನ್ನು ಕೇಳಲು ಮಾಹಿತಿ ಹಕ್ಕು ಕಾಯ್ದೆ ಇದೆ. ಸಹಾಯಧನ ಯೋಜನೆಗಳ ಹಣ ಎಷ್ಟು, ಯಾರಿಗೆ ಹೋಯಿತು ಎಂಬುದನ್ನು ಕೇಳದೆಯೇ ಪ್ರಕಟಿಸಬೇಕು ಅಂತ ಸೆಕ್ಷನ್ 4(1)(ಬಿ) ಹೇಳುತ್ತದೆ. ಪ್ರಕಟಿಸಿಲ್ಲವೆಂದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ; ಆದ್ದರಿಂದ ಚಿಕ್ಕದಾಗಿ ಬರೆಯಿರಿ.

ವಿಳಾಸ: ನಿಮ್ಮ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಾಹಿತಿ ಅಧಿಕಾರಿ. 'ಯಾಕೆ ಕೊಟ್ಟಿರಿ' ಅಂತ ಕೇಳಿದರೆ ಉತ್ತರ ಬರಲ್ಲ. ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ಹೀಗೆ ಕೇಳಿ: ಕಳೆದ ಐದು ವರ್ಷದಲ್ಲಿ ಕ್ರೀಡಾ ಸೌಲಭ್ಯಕ್ಕೆ ಬಂದ ಎಲ್ಲ ಪ್ರಸ್ತಾವನೆಗಳ ತಾಲ್ಲೂಕುವಾರು ಪಟ್ಟಿ, ಅದರಲ್ಲಿ ಮಂಜೂರಾದವು, ತಿರಸ್ಕೃತವಾದವು, ಪ್ರತಿಯೊಂದರ ಕಡತದ ಟಿಪ್ಪಣಿ ಹಾಳೆಯ ಪ್ರತಿ. ತಿರಸ್ಕೃತವಾದವುಗಳ ಪಟ್ಟಿ ಕೇಳಲು ಮರೆಯಬೇಡಿ. ಮಂಜೂರಾದದ್ದರ ಪಟ್ಟಿ ಫ್ಲೆಕ್ಸ್‌ನಲ್ಲೇ ಸಿಗುತ್ತದೆ.